ಥಿಯೋಡೋರ್ ಬೋವೆರಿ

ಥಿಯೋಡೋರ್ ಬೋವೆರಿ (12 ಅಕ್ಟೋಬರ್ 1862 – 15 ಅಕ್ಟೋಬರ್ 1915) ಜರ್ಮನಿಯ ಪ್ರಾಣಿಶಾಸ್ತ್ರಜ್ಞರು ಹಾಗೂ ಕೋಶವಿಜ್ಞಾನಿ. ಆನುವಂಶಿಕತೆಯ ವರ್ಣತಂತು ಸಿದ್ಧಾಂತವನ್ನು ರೂಪಿಸಿದವರಲ್ಲಿ ಇವರೂ ಒಬ್ಬರು. ಜೀವಕೋಶದ ವಿಭಜನೆಯನ್ನು ತಡೆಯುವ ಅಂಶಗಳು ವರ್ಣತಂತುಗಳಲ್ಲಿದ್ದು, ಅವು ನಷ್ಟವಾದರೆ ಕ್ಯಾನ್ಸರ್ ತಲೆದೋರಬಹುದೆಂದು ಇವರು 1914ರಲ್ಲಿ ತರ್ಕಿಸಿದರು. ಇಂದು ಗಂತಿ ನಿಗ್ರಾಹಕ ವಂಶವಾಹಿಗಳೆಂದು ಕರೆಯುವ ಜೀನುಗಳ ಕಲ್ಪನೆಗೆ ಇದೇ ಮೂಲ.

ಜೀವನ

ಬೋವೆರಿಯವರು ಬವೇರಿಯಾ ಪ್ರಾಂತದ ಬ್ಯಾಂಬರ್ಗ್ ನಗರದಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಬ್ರೌನ್ ಬೋವೆರಿ ವಿದ್ಯುತ್ ಯಂತ್ರೋದ್ಯಮದ ಸ್ಥಾಪಕರಲ್ಲಿ ಒಬ್ಬರಾದ ವಾಲ್ಟರ್ ಬೋವೆರಿ ಇವರ ತಮ್ಮ. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಮೊದಲು ಇತಿಹಾಸ ಮತ್ತು ತತ್ತ್ವಶಾಸ್ತ್ರದ ಅಧ್ಯಯನಕ್ಕೆ ತೊಡಗಿದ ಇವರು ಬಳಿಕ ವಿಜ್ಞಾನದತ್ತ ತಿರುಗಿದರು. 1893ರಲ್ಲಿ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ, ಜೀವನದ ಕೊನೆಯವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು. 1897ರಲ್ಲಿ ಅಮೆರಿಕದ ಜೀವವಿಜ್ಞಾನಿ ಮಾರ್ಸೆಲ್ಲಾ ಓ'ಗ್ರೇಡಿಯವರನ್ನು ವಿವಾಹವಾದರು. ಪತ್ನಿ ಇವರ ಸಂಶೋಧನೆಗಳಲ್ಲಿಯೂ ಸಹಭಾಗಿಯಾಗಿದ್ದರು. ಮಗಳು ಮಾರ್ಗ್ರೆಟ್ ಮುಂದೆ ಹೆಸರಾಂತ ಪತ್ರಕರ್ತೆಯಾದರು.

ವರ್ಣತಂತುಗಳ ಅಧ್ಯಯನ

ಕುದುರೆಯ ಕರುಳಿನಲ್ಲಿ ಬೆಳೆಯುವ ದುಂಡುಹುಳುವಿನ ಮೊಟ್ಟೆಗಳನ್ನು ಪರೀಕ್ಷಿಸಿ, ಒಂದು ವಿಭಜನೆಯಿಂದ ಮುಂದಿನ ವಿಭಜನೆಯವರೆಗೆ ವರ್ಣತಂತುಗಳು ತಮ್ಮ ಪ್ರತ್ಯೇಕತೆಯನ್ನು ಉಳಿಸಿಕೊಳ್ಳುತ್ತವೆಂದು ಬೋವೆರಿ ಪ್ರತಿಪಾದಿಸಿದರು. ವಿಭಜನೆಯನ್ನು ನಿರ್ದೇಶಿಸುವ ಕೋಶಾಂಗಕ್ಕೆ ಸೆಂಟ್ರೊಸೋಮ್ ಎಂದು 1888ರಲ್ಲಿ ಹೆಸರಿಟ್ಟವರೂ ಇವರೇ.

ಇವರ ಅತಿ ಪ್ರಸಿದ್ಧ ಪ್ರಯೋಗಗಳು ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೇಲೆ ನಡೆದವು. ಒಂದೇ ಮೊಟ್ಟೆಯೊಳಗೆ ಎರಡು ವೀರ್ಯಾಣುಗಳು ಪ್ರವೇಶಿಸಿದಾಗ ಮೊಟ್ಟೆಯು ಏಕಕಾಲಕ್ಕೆ ನಾಲ್ಕು ಕೋಶಗಳಾಗಿ ಒಡೆಯುತ್ತದೆ. ವರ್ಣತಂತುಗಳು ಅವುಗಳಲ್ಲಿ ಅಸಮವಾಗಿ ಹಂಚಿಹೋಗುತ್ತವೆ. ಇಂತಹ ಭ್ರೂಣಗಳಲ್ಲಿ ಬಹುಪಾಲು ವಿಕೃತವಾಗಿ ಬೆಳೆದು ಸಾಯುತ್ತಿದ್ದವು. ನಾಲ್ಕು ಕೋಶಗಳನ್ನು ಬೇರ್ಪಡಿಸಿದಾಗ ಒಂದೊಂದೂ ಒಂದೊಂದು ಬಗೆಯಲ್ಲಿ ಬೆಳೆಯುತ್ತಿತ್ತು. ವರ್ಣತಂತುಗಳ ಸಂಖ್ಯೆಯಷ್ಟೇ ಮುಖ್ಯವಲ್ಲ, ಪ್ರತಿಯೊಂದಕ್ಕೂ ತನ್ನದೇ ಆದ ಗುಣವಿದ್ದು ಸಹಜ ಬೆಳವಣಿಗೆಗೆ ಪೂರ್ಣ ಜೋಡಣೆ ಅಗತ್ಯ ಎಂಬ ತೀರ್ಮಾನಕ್ಕೆ ಬೋವೆರಿ 1902ರಲ್ಲಿ ಬಂದರು. ಅಮೆರಿಕದ ವಾಲ್ಟರ್ ಸಟನ್ ಅದೇ ಕಾಲದಲ್ಲಿ ಸ್ವತಂತ್ರವಾಗಿ ಇಂತಹುದೇ ನಿರ್ಣಯಕ್ಕೆ ಬಂದುದರಿಂದ ಈ ಸಿದ್ಧಾಂತಕ್ಕೆ ಇಬ್ಬರ ಹೆಸರೂ ಸೇರಿದೆ.

ಕ್ಯಾನ್ಸರ್ ಸಿದ್ಧಾಂತ

ಬೋವೆರಿಯವರ ವೃತ್ತಿಕ್ಷೇತ್ರ ಭ್ರೂಣಗಳ ಅಧ್ಯಯನವೇ ಹೊರತು ಕ್ಯಾನ್ಸರ್ ಅಲ್ಲ. ಆದರೂ ಸೀ ಅರ್ಚಿನ್ ಭ್ರೂಣಗಳಲ್ಲಿ ಕಂಡ ಅಸಮ ವಿಭಜನೆಯ ಆಧಾರದ ಮೇಲೆ 1914ರಲ್ಲಿ ಗಂತಿಗಳ ಉಗಮವನ್ನು ಕುರಿತ ಕೃತಿಯನ್ನು ಪ್ರಕಟಿಸಿದರು. ವರ್ಣತಂತುಗಳ ತಪ್ಪು ಹಂಚಿಕೆಗೆ ಒಳಗಾದ ಒಂದೇ ಕೋಶದಿಂದ ಗಂತಿ ಹುಟ್ಟುತ್ತದೆ. ವಿಭಜನೆಯನ್ನು ತಡೆಯುವ ವರ್ಣತಂತುಗಳು ಕಳೆದುಹೋದಾಗ ಕೋಶವು ಮಿತಿಯಿಲ್ಲದೆ ಬೆಳೆಯುತ್ತದೆ ಎಂಬುದು ಅದರ ಸಾರ. ಇದನ್ನು ಪರೀಕ್ಷಿಸುವ ಸಾಧನಗಳು ಅಂದು ಇರಲಿಲ್ಲ. ಅನಾರೋಗ್ಯದಿಂದಾಗಿ ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಜೀವಶಾಸ್ತ್ರ ಸಂಸ್ಥೆಯ ನಿರ್ದೇಶಕ ಸ್ಥಾನವನ್ನು ನಿರಾಕರಿಸಿದ್ದ ಬೋವೆರಿ, ಕೃತಿ ಪ್ರಕಟವಾದ ಮರುವರ್ಷವೇ, 53ನೆಯ ವಯಸ್ಸಿನಲ್ಲಿ ವುರ್ಟ್ಸ್‌ಬರ್ಗ್‌ನಲ್ಲಿ ನಿಧನರಾದರು. ಮಾರ್ಸೆಲ್ಲಾ ಮಾಡಿದ ಕೃತಿಯ ಇಂಗ್ಲಿಷ್ ಅನುವಾದ 1929ರಲ್ಲಿ ಹೊರಬಂದಿತು.

ನಂತರದ ಬೆಳವಣಿಗೆಗಳು

1971ರಲ್ಲಿ ಆಲ್ಫ್ರೆಡ್ ನುಡ್ಸನ್ ಮಕ್ಕಳ ಕಣ್ಣಿನ ಕ್ಯಾನ್ಸರಾದ ರೆಟಿನೋಬ್ಲಾಸ್ಟೋಮವನ್ನು ಅಭ್ಯಸಿಸಿ, ಅದು ಉಂಟಾಗಲು ಎರಡು ಆನುವಂಶಿಕ ಆಘಾತಗಳು ಬೇಕೆಂದು ತೋರಿಸಿದರು. 1986ರಲ್ಲಿ ಆ ವಂಶವಾಹಿಯನ್ನು ಪ್ರತ್ಯೇಕಿಸಲಾಯಿತು. 1979ರಲ್ಲಿ ಪತ್ತೆಯಾಗಿದ್ದ ಪಿ53 ಕೂಡ ಗಂತಿ ನಿಗ್ರಾಹಕವೇ ಎಂಬುದು 1989ರಲ್ಲಿ ಸ್ಪಷ್ಟವಾಯಿತು. ಹಾನಿಗೊಂಡ ಕೋಶದ ವಿಭಜನೆಯನ್ನು ನಿಲ್ಲಿಸುವುದು, ಅಗತ್ಯವಾದರೆ ಅದನ್ನು ಸಾವಿಗೆ ದೂಡುವುದು ಪಿ53ರ ಕಾರ್ಯ.

ಈ ಅರಿವು ಬೆಳಕಿನ ಚಿಕಿತ್ಸೆಯ ಅಧ್ಯಯನಕ್ಕೂ ಒದಗಿದೆ. ಬೋವೆರಿಯವರ ಜೀವಿತಕಾಲದಲ್ಲೇ, 1903ರಲ್ಲಿ, ಮ್ಯೂನಿಕ್‌ನ ಹರ್ಮನ್ ಫಾನ್ ಟಾಪೈನರ್ ಮತ್ತು ಸಹೋದ್ಯೋಗಿಗಳು ಇಯೋಸಿನ್ ಬಣ್ಣ ಲೇಪಿಸಿ ಬೆಳಕು ಹಾಯಿಸಿ ಚರ್ಮದ ಗಂತಿಗಳಿಗೆ ಚಿಕಿತ್ಸೆ ನೀಡಲು ಯತ್ನಿಸಿದ್ದರು. ಇದರಿಂದ ಬೆಳೆದುಬಂದ ಫೋಟೊಡೈನಮಿಕ್ ಚಿಕಿತ್ಸೆಯಲ್ಲಿ ಬೆಳಕಿಗೆ ಸ್ಪಂದಿಸುವ ಔಷಧಿಯು ಆಮ್ಲಜನಕವನ್ನು ಉಗ್ರರೂಪಕ್ಕೆ ತಂದು ಕೋಶವನ್ನು ನಾಶಪಡಿಸುತ್ತದೆ. ಪಿ53 ಸುಸ್ಥಿತಿಯಲ್ಲಿರುವ ಕೆಲವು ಬಗೆಯ ಕ್ಯಾನ್ಸರ್ ಕೋಶಗಳು ಈ ಚಿಕಿತ್ಸೆಗೆ ಬೇಗ ಬಲಿಯಾಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಬೇರೆ ಬಗೆಯ ಕೋಶಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಂಡಿಲ್ಲ. ಏಕೆಂದರೆ ಮೈಟೊಕಾಂಡ್ರಿಯಾಗಳಿಗೆ ನೇರವಾಗಿ ಪೆಟ್ಟು ಬಿದ್ದಾಗ ಪಿ53ರ ನೆರವಿಲ್ಲದೆಯೂ ಕೋಶ ಸಾಯಬಲ್ಲದು. ಹೀಗಾಗಿ ಪಿ53 ಕೆಟ್ಟಿದೆ ಎಂಬ ಒಂದೇ ಕಾರಣದಿಂದ ಬೆಳಕಿನ ಚಿಕಿತ್ಸೆ ನಿಷ್ಫಲವಾಗುವುದೆಂದು ಹೇಳಲಾಗದು.

ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜೀವವಿಜ್ಞಾನ ಸಂಸ್ಥೆಗೆ ಬೋವೆರಿಯವರ ಹೆಸರನ್ನು ಇಡಲಾಗಿದೆ.