ಹುದ್ದೆಯೂ ಒಂದು ಅಮಾನತ್ತು: ನಾಲ್ವಡಿ ಕೃಷ್ಣರಾಜ ಒಡೆಯರು

ಇನ್ನೊಬ್ಬರಿಗೆ ಕೆಲಸ ಕೊಡುವ ಅಧಿಕಾರ ಕೈಗೆ ಬಂದಾಗ ಮನುಷ್ಯನ ಗುಣ ಬಯಲಾಗುತ್ತದೆ. ಹುದ್ದೆಯನ್ನು ತನ್ನ ಸ್ವಂತ ಆಸ್ತಿಯೆಂದು ಬಗೆಯುವವನು ಅದನ್ನು ನಂಟರಿಗೂ ಹೊಗಳುಭಟರಿಗೂ ಹಂಚುತ್ತಾನೆ. ಅದು ತನ್ನ ವಶಕ್ಕೆ ಕೊಟ್ಟ ಅಮಾನತ್ತು ಎಂದು ತಿಳಿದವನು ಅರ್ಹರನ್ನು ಹುಡುಕುತ್ತಾನೆ. ಇಸ್ಲಾಮ್ ಕಲಿಸುವುದು ಈ ಎರಡನೆಯ ದಾರಿಯನ್ನು. ಒಳ್ಳೆಯ ಗುಣ ಯಾರಲ್ಲಿ ಕಂಡರೂ ಅದನ್ನು ಮೆಚ್ಚಿ ಕಲಿಯುವುದು ನಮ್ಮ ಕರ್ತವ್ಯ. ಈ ಕಾಫಿ ಬೆಟ್ಟಗಳ ಸೀಮೆಯನ್ನೂ ಆಳಿದ ಒಬ್ಬ ಅರಸರ ಬಾಳಿನಲ್ಲಿ ಆ ಗುಣದ ಉತ್ತಮ ನಿದರ್ಶನವಿದೆ.

ನಾಲ್ವಡಿ ಕೃಷ್ಣರಾಜ ಒಡೆಯರು 1884ರ ಜೂನ್ 4ರಂದು ಮೈಸೂರಿನಲ್ಲಿ ಜನಿಸಿದರು. 1894ರ ಡಿಸೆಂಬರ್‌ನಲ್ಲಿ ತಂದೆ ಚಾಮರಾಜ ಒಡೆಯರು ಕಲ್ಕತ್ತದಲ್ಲಿ ತೀರಿಕೊಂಡಾಗ ಅವರಿನ್ನೂ ಹತ್ತು ವರ್ಷದ ಬಾಲಕ. ಮಗ ಪ್ರಾಯಕ್ಕೆ ಬರುವವರೆಗೆ ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜ್ಯವನ್ನು ನಡೆಸಿದರು. 1902ರ ಆಗಸ್ಟ್‌ನಲ್ಲಿ ಅಧಿಕಾರ ವಹಿಸಿಕೊಂಡ ಅರಸರು 1940ರ ಆಗಸ್ಟ್ 3ರಂದು ಕಣ್ಮುಚ್ಚುವವರೆಗೆ ಆಳಿದರು. ಇಂದಿನ ಚಿಕ್ಕಮಗಳೂರು ಜಿಲ್ಲೆ ಆಗ ಕಡೂರು ಜಿಲ್ಲೆಯೆಂಬ ಹೆಸರಿನಲ್ಲಿ ಅವರ ರಾಜ್ಯದೊಳಗಿತ್ತು. ಕಾಫಿ ಬೆಳೆಗಾರರಿಗೆ ನೆರವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದದ್ದು ಅವರ ಕಾಲದಲ್ಲೇ. ಅವರು ಬೇಸಿಗೆಯಲ್ಲಿ ತಂಗುತ್ತಿದ್ದ ಕೆಮ್ಮಣ್ಣುಗುಂಡಿಯು ಇಂದಿಗೂ ಅವರ ಹೆಸರನ್ನು ಹೊತ್ತ ಗಿರಿಧಾಮ.

ಮೈಸೂರು ಸರಕಾರವು 1891ರಿಂದಲೇ ಉನ್ನತ ಹುದ್ದೆಗಳಿಗೆ ಸ್ಪರ್ಧಾ ಪರೀಕ್ಷೆಯನ್ನು ನಡೆಸುತ್ತಿತ್ತು. ಶಿಫಾರಸು ಚೀಟಿಗಿಂತ ಪರೀಕ್ಷೆ ಎಷ್ಟೋ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪರೀಕ್ಷೆಗೆ ಕೂರಲು ಇಂಗ್ಲಿಷ್ ವಿದ್ಯೆ ಬೇಕಿತ್ತು. ಆ ವಿದ್ಯೆ ಎಲ್ಲರ ಮನೆ ಬಾಗಿಲಿಗೆ ತಲುಪಿರಲಿಲ್ಲ. ಓದಿನಲ್ಲಿ ಮೊದಲಿನಿಂದಲೂ ಮುಂದಿದ್ದ ಬ್ರಾಹ್ಮಣ ಸಮುದಾಯದವರು ಹೆಚ್ಚಿನ ಹುದ್ದೆಗಳಲ್ಲಿದ್ದರು. ಶ್ರಮಪಟ್ಟು ಓದಿದ್ದು ಅವರ ತಪ್ಪೇನಲ್ಲ. ಆದರೂ ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು, ದಲಿತರು ಮೊದಲಾದ ಬಹುಸಂಖ್ಯೆಯ ಪ್ರಜೆಗಳು ಕಂದಾಯ ಕಟ್ಟುವಾಗ ಲೆಕ್ಕಕ್ಕೆ ಬಂದು, ನೇಮಕದ ವೇಳೆ ಲೆಕ್ಕಕ್ಕಿಲ್ಲದವರಾಗಿದ್ದರು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯವರು ಮರುವರ್ಷ ಅರಸರ ಮುಂದೆ ಈ ಅಹವಾಲನ್ನಿಟ್ಟರು.

ಅರಸರು ಆ ಮನವಿಯನ್ನು ಮೂಲೆಗೆ ಹಾಕಲಿಲ್ಲ. ಹಾಗೆಂದು ಆತುರದಿಂದ ಅಪ್ಪಣೆಯನ್ನೂ ಹೊರಡಿಸಲಿಲ್ಲ. 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿ ವಿಚಾರಣೆ ಮಾಡಿಸಿದರು. ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು 1919ರಲ್ಲಿ ಸಮಿತಿ ಶಿಫಾರಸು ಮಾಡಿತು. ಹುದ್ದೆಗಳ ಪಾಲು ಹೇಳಿ ಅದು ಸುಮ್ಮನಾಗಲಿಲ್ಲ. ಆ ಮಕ್ಕಳು ಅರ್ಹತೆ ಪಡೆಯುವಂತೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಏರ್ಪಾಟನ್ನೂ ಸೂಚಿಸಿತು. 1921ರಲ್ಲಿ ಸರಕಾರ ಇದನ್ನು ಆಧರಿಸಿ ಆದೇಶ ಹೊರಡಿಸಿತು.

ಈ ನಿರ್ಧಾರಕ್ಕೆ ಅರಸರು ತೆತ್ತ ಬೆಲೆ ಸಣ್ಣದಲ್ಲ. ದಿವಾನ್ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ನೇಮಕಕ್ಕೆ ಅರ್ಹತೆಯೊಂದೇ ಅಳತೆಗೋಲಾಗಬೇಕು, ಇಲ್ಲದಿದ್ದರೆ ಆಡಳಿತ ಕೆಡುತ್ತದೆ ಎಂಬುದು ಅವರ ನಂಬಿಕೆ. ಹಿಂದುಳಿದವರನ್ನು ವಿದ್ಯೆಯಿಂದ ಮೇಲೆತ್ತಬೇಕೆಂದು ಅವರೂ ಹೇಳುತ್ತಿದ್ದರು. ಅವರ ಮಾತಿನಲ್ಲಿ ಸ್ವಾರ್ಥವಿರಲಿಲ್ಲ. ಆದರೆ ಬಾಗಿಲೇ ಕಾಣದವನಿಗೆ ಬಾಗಿಲು ತೆರೆದಿದೆ ಎಂದರೆ ನ್ಯಾಯ ಸಲ್ಲುವುದಿಲ್ಲ ಎಂಬುದು ಅರಸರ ನಿಲುವು. 1918ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ಅಧಿಕಾರದಿಂದ ಹೊರಬಂದರು.

ಮುಂದೆ ನಡೆದದ್ದನ್ನು ಓದುಗರು ಗಮನಿಸಬೇಕು. ಭಿನ್ನಾಭಿಪ್ರಾಯ ಬಂದವನನ್ನು ಶತ್ರುವೆಂದು ಎಣಿಸಿ ಅವನ ಹೆಸರಿಗೆ ಮಸಿ ಬಳಿಯುವುದು ಲೋಕದ ರೂಢಿ. ಅರಸರು ಹಾಗೆ ಮಾಡಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಷ್ಟಕ್ಕೆ ಸಿಕ್ಕಿದಾಗ 1923ರಲ್ಲಿ ಅದರ ಹೊಣೆಯನ್ನು ವಿಶ್ವೇಶ್ವರಯ್ಯನವರಿಗೇ ಒಪ್ಪಿಸಲಾಯಿತು. ಅವರೂ ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ದುಡಿದರು. ನಮ್ಮ ಕೆಮ್ಮಣ್ಣುಗುಂಡಿಯ ಅದಿರು ಆ ಕಾರ್ಖಾನೆಗೆ ಹೋಗುತ್ತಿತ್ತು. ಇಬ್ಬರು ದೊಡ್ಡವರ ದೊಡ್ಡತನಕ್ಕೂ ಆ ಬೆಟ್ಟ ಸಾಕ್ಷಿಯೆನ್ನಬಹುದು.

1926ರಲ್ಲಿ ಅರಸರು ಮಿರ್ಜಾ ಇಸ್ಮಾಯಿಲ್ ಅವರನ್ನು ದಿವಾನರನ್ನಾಗಿ ಆರಿಸಿದರು. ಮಿರ್ಜಾ ಅವರು ಅರಸರೊಂದಿಗೆ ಬಾಲ್ಯದಲ್ಲಿ ಓದಿದವರು. ಹಾಗಾದರೆ ಇದೂ ಗೆಳೆಯನಿಗೆ ಕೊಟ್ಟ ಬಳುವಳಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಮಿರ್ಜಾ ಅವರು ಬಿ.ಎ. ಮುಗಿಸಿ 1905ರಲ್ಲಿ ಪೊಲೀಸ್ ಇಲಾಖೆಯ ಸಹಾಯಕ ಅಧಿಕಾರಿಯಾಗಿ ಸೇವೆಗೆ ಸೇರಿದರು. ಬಳಿಕ ಅರಮನೆಯ ಕಾರ್ಯಾಲಯದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ 1922ರಲ್ಲಿ ಖಾಸಗಿ ಕಾರ್ಯದರ್ಶಿಯಾದರು. ಇಪ್ಪತ್ತೊಂದು ವರ್ಷ ಕೆಲಸದಲ್ಲಿ ಒರೆಹಚ್ಚಿ ನೋಡಿದ ಮೇಲೆ ಬಂದ ಹುದ್ದೆ ಅದು. ಗೆಳೆತನ ಅವರಿಗೆ ಅಡ್ಡಿಯೂ ಆಗಲಿಲ್ಲ, ಪರೀಕ್ಷೆಯಿಂದ ವಿನಾಯಿತಿಯೂ ಆಗಲಿಲ್ಲ.

1928ರಲ್ಲಿ ಬೆಂಗಳೂರಿನ ಶಾಲೆಯೊಂದರ ಗಣಪತಿ ವಿಗ್ರಹದ ವಿಷಯದಲ್ಲಿ ಗಲಭೆಯೆದ್ದು ದಿವಾನರ ಧರ್ಮವೇ ಟೀಕೆಗೆ ಗುರಿಯಾಯಿತು. ಸರಕಾರವು ವಿಚಾರಣೆಗೆ ಸಮಿತಿ ನೇಮಿಸಿತು. ಅದರ ಅಧ್ಯಕ್ಷತೆ ವಹಿಸಿದವರು ಇದೇ ವಿಶ್ವೇಶ್ವರಯ್ಯನವರು. ಗದ್ದಲಕ್ಕೆ ಹೆದರಿ ಅರಸರು ತಮ್ಮ ಆಯ್ಕೆಯನ್ನು ಕೈಬಿಡಲಿಲ್ಲ. ಅವರು ತೀರಿಕೊಂಡ ದಿನವೂ ಮಿರ್ಜಾ ಅವರೇ ದಿವಾನರು.

ಇದು ಅರಮನೆಯ ಕತೆ, ನಮಗೇಕೆ ಎಂದು ತಳ್ಳಿಹಾಕುವಂತಿಲ್ಲ. ಮೂಡಿಗೆರೆ, ಕಳಸ ಕಡೆಯ ತೋಟಗಳಿಗೆ ಹಣ್ಣು ಕೊಯ್ಯಲು ದೂರದೂರುಗಳಿಂದ, ಹೊರರಾಜ್ಯಗಳಿಂದ ಜನ ಬರುತ್ತಾರೆ. ಕರೆತರುವ ಮೇಸ್ತ್ರಿಯು ಕೂಲಿಯೆಷ್ಟು, ಮುಂಗಡವಾಗಿ ಕೊಟ್ಟ ಹಣದಲ್ಲಿ ವಾರಕ್ಕೆಷ್ಟು ಮುರಿದುಕೊಳ್ಳುತ್ತಾರೆ, ಲೈನ್ ಮನೆ ಹೇಗಿದೆ ಎಂಬುದನ್ನು ಹೊರಡುವ ಮೊದಲೇ ಸರಿಯಾಗಿ ತಿಳಿಸಬೇಕು. ಮುಂಗಡವನ್ನು ಸಂಕೋಲೆಯಾಗಿಸುವುದು ಅನ್ಯಾಯ. 1976ರ ಜೀತಪದ್ಧತಿ ನಿರ್ಮೂಲನ ಕಾನೂನಿನ ಪ್ರಕಾರ ಸಾಲಕ್ಕಾಗಿ ದುಡಿಸಿಕೊಳ್ಳುವುದು ಅಪರಾಧವೂ ಹೌದು. ಅಂಗಡಿಗೆ ಹುಡುಗನೊಬ್ಬ ಬೇಕಾದಾಗ, ತೋಟಕ್ಕೆ ರೈಟರ್ ಬೇಕಾದಾಗ, ನಮ್ಮವನೇ ಎಂದು ಕೇಳುವ ಮೊದಲು ಕೆಲಸ ಬಲ್ಲವನೇ ಎಂದು ಕೇಳುತ್ತೇವೆಯೇ? ಅಂದು ಪಾಲು ಕೇಳಿದವರಲ್ಲಿ ನಮ್ಮ ಹಿರಿಯರೂ ಇದ್ದರು. ಕೊಡುವ ಸರದಿ ಬಂದಾಗ ನಾವು ಅದನ್ನು ಮರೆಯಬಾರದು.

ಮಸೀದಿ, ಮದ್ರಸಗಳ ಕಮಿಟಿಯವರಿಗೂ ಒಂದು ಮಾತು. ಉಸ್ತಾದರ ಹುದ್ದೆಗೆಂದು ಐದಾರು ಮಂದಿಯನ್ನು ಕರೆಸಿ, ದಿನವಿಡೀ ಕಾಯಿಸಿ, ಒಬ್ಬರನ್ನು ಗೊತ್ತುಮಾಡಿ, ಉಳಿದವರಿಗೆ ಒಂದು ಕಾಗದವನ್ನೂ ಬರೆಯದಿರುವುದು ಸಭ್ಯತೆಯಲ್ಲ. ಬಸ್ಸಿನ ಖರ್ಚನ್ನು ಕೊಟ್ಟು, ಹುದ್ದೆ ಇಲ್ಲವೆಂಬುದನ್ನು ಒಳ್ಳೆಯ ಮಾತಿನಲ್ಲಿ ತಿಳಿಸಿದರೆ ಬಂದವರ ಮಾನ ಉಳಿಯುತ್ತದೆ. ಕೆಲಸ ಒಬ್ಬನಿಗೇ ಸಿಗಬಹುದು, ಮರ್ಯಾದೆ ಎಲ್ಲರಿಗೂ ಸಲ್ಲಬೇಕು. ಹುದ್ದೆಯ ಅಮಾನತ್ತಿಗೆ ನಾಳೆ ಅಲ್ಲಾಹನ ಮುಂದೆ ಲೆಕ್ಕ ಒಪ್ಪಿಸಬೇಕಾದವರು ನಾವು.