ಅಂಕಿಗಳ ಹಾರ ಕಟ್ಟಿದ ಮಹಾವೀರಾಚಾರ್ಯರು

ಸೊಲ್ಲಾಪುರದಿಂದ ಹೊರಟ ರೈಲು ಅಕ್ಕಲಕೋಟೆ ರೋಡ್ ನಿಲ್ದಾಣವನ್ನು ದಾಟಿ ಕಲಬುರಗಿ ಸೇರುತ್ತದೆ. ಅಲ್ಲಿಂದ ಮುಂದೆ ಕಾಗಿಣಾ ನದಿಯ ದಡದಲ್ಲಿ ಮಳಖೇಡವೆಂಬ ಊರಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂದರೆ ಇದುವೇ. ಕವಿರಾಜಮಾರ್ಗದಿಂದಾಗಿ ಅಮೋಘವರ್ಷ ನೃಪತುಂಗನ ಹೆಸರನ್ನು ನಾವೆಲ್ಲರೂ ಬಲ್ಲೆವು. ಅವನ ಆಳಿಕೆಯಲ್ಲಿಯೇ (ಕ್ರಿ.ಶ. 814–878) ಬಾಳಿದ ಜೈನ ಗಣಿತಜ್ಞ ಮಹಾವೀರಾಚಾರ್ಯರನ್ನು ಮಾತ್ರ ಮರೆತಿದ್ದೇವೆ.

ಆಚಾರ್ಯರು ತಮ್ಮ ಮನೆತನದ ವಿಚಾರವನ್ನು ಬರೆದಿಡಲಿಲ್ಲ. ದೊರೆಯನ್ನು ಹೊಗಳಿ ನೇರವಾಗಿ ಲೆಕ್ಕಕ್ಕೆ ಇಳಿದರು. ಸುಮಾರು ಕ್ರಿ.ಶ. 850ರ ಅವರ 'ಗಣಿತಸಾರಸಂಗ್ರಹ' ಸಂಸ್ಕೃತದಲ್ಲಿದೆ. ಅಂದು ಗಣಿತವು ಹೆಚ್ಚಾಗಿ ಜ್ಯೋತಿಷ್ಯ ಗ್ರಂಥಗಳ ಒಂದು ಅಧ್ಯಾಯವಾಗಿತ್ತು. ಇವರು ಅದಕ್ಕೇ ಒಂದು ಪೂರ್ಣ ಗ್ರಂಥವನ್ನು ಮೀಸಲಿಟ್ಟರು. ಭಿನ್ನರಾಶಿ, ತ್ರೈರಾಶಿಕ, ಕ್ಷೇತ್ರಗಣಿತಗಳೆಲ್ಲ ಅದರಲ್ಲಿವೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಗುರುತಿಸಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಬರೆದುದು ಅವರ ತಪ್ಪು. ದೊಡ್ಡವರೂ ತಪ್ಪುತ್ತಾರೆಂಬುದನ್ನು ಮಕ್ಕಳಿಗೆ ಹೇಳಲು ನಾವು ಅಂಜಬೇಕಾಗಿಲ್ಲ.

ಗುಣಾಕಾರದ ಕೆಲವು ಲಬ್ಧಗಳನ್ನು ಅವರು ಕಂಠಾಭರಣ, ಅಂದರೆ ಕೊರಳ ಹಾರ, ಎಂದು ಕರೆದರು. 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಗುಣಿಸಿದ ಎರಡೂ ಅವಿಭಾಜ್ಯ ಸಂಖ್ಯೆಗಳೇ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಹಾರ, 111111111.

ಈ ಹಾರದ ದಾರವನ್ನು ಬಿಚ್ಚಿದರೆ 3, 3, 37 ಮತ್ತು 333667 ಎಂಬ ಅವಿಭಾಜ್ಯ ಅಪವರ್ತನಗಳು ದೊರೆಯುತ್ತವೆ. ಕೊನೆಯದು ಅವಿಭಾಜ್ಯವೇ ಎಂದು ಕೈಲೆಕ್ಕದಿಂದ ನೋಡಬೇಕಾದರೆ 2ರಿಂದ 577ರ ವರೆಗಿನ 106 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. 578ರ ವರ್ಗವು ಅದನ್ನು ಮೀರುವುದರಿಂದ ಮುಂದೆ ಹೋಗಬೇಕಾಗಿಲ್ಲ. ಯಾವುದರಿಂದಲೂ ಅದು ನಿಶ್ಶೇಷವಾಗಿ ಹೋಗದು. 1ನ್ನು 333667ರಿಂದ ಭಾಗಿಸಿದರೆ ದಶಾಂಶದಲ್ಲಿ 000002997 ಎಂಬ ಒಂಬತ್ತು ಅಂಕಿಗಳೇ ಮತ್ತೆ ಮತ್ತೆ ಬರುತ್ತವೆ. ಈ ವಿಂಗಡಣೆ ಇಂದಿನ ಗಣಿತದ್ದು, ಹಾರ ಆಚಾರ್ಯರದು.

ಹನ್ನೊಂದನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚುಹಾಕಿಸಿದರು. 1963ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯು ಲಕ್ಷ್ಮೀಚಂದ್ರ ಜೈನರ ಹಿಂದಿ ಅನುವಾದವನ್ನು ಪ್ರಕಟಿಸಿತು. ಹೀಗೆ ಮಾನ್ಯಖೇಟದ ಲೆಕ್ಕ ಸೊಲ್ಲಾಪುರದಲ್ಲಿ ಮತ್ತೆ ಬೆಳಕು ಕಂಡಿತು.

1967ರ ಮಹಾಜನ ಆಯೋಗದ ವರದಿಯಲ್ಲಿ ಅಕ್ಕಲಕೋಟೆಯ ಹೆಸರೂ ನಮ್ಮ ಕಾಸರಗೋಡಿನ ಹೆಸರೂ ಒಟ್ಟಿಗೇ ಬಂದಿದ್ದುವು. ಗಡಿಗಳು ಇದ್ದಲ್ಲೇ ಉಳಿದುವು. ಕನ್ನಡ ಶಾಲೆಗೆ ಹೋದರೆ ಲೆಕ್ಕ ಬಾರದೆಂದು ಹೇಳುವ ತಂದೆತಾಯಂದಿರು ಅಲ್ಲಿಯೂ ಇರಬಹುದು, ಇಲ್ಲಿಯಂತೂ ಇದ್ದಾರೆ. ಅಂಥವರು ಇಂದು ರಾತ್ರಿ ಊಟವಾದ ಮೇಲೆ ಮಗುವಿನ ಕೈಗೆ ಬಳಪ ಕೊಟ್ಟು 12345679ನ್ನು 9ರಿಂದ ಗುಣಿಸಲು ಹೇಳಲಿ. ಹಾರ ತಾನಾಗಿಯೇ ಮೂಡುವುದು. ಅದನ್ನು ಕಟ್ಟಿದವರು ಕನ್ನಡ ನಾಡಿನವರೆಂದು ಆಗ ಹೇಳಿದರೆ ಸಾಕು.