ನೆಗಡಿ ಮಾತ್ರೆ ಬಾಟಲಿ ಮತ್ತು ಡ್ವೇನ್ ಆಲ್‌ಮನ್ ಗಿಟಾರ್

ಖಾಲಿ ಮಾತ್ರೆ ಬಾಟಲಿಯನ್ನ ನಾವು ಗುಜರಿಗೆ ಹಾಕ್ತೀವಿ. ಅಮೆರಿಕದ ಡ್ವೇನ್ ಆಲ್‌ಮನ್ ಅದನ್ನೇ ಬೆರಳಿಗೆ ತೊಟ್ಟು ಹೆಸರು ಮಾಡಿದ. ‘ಆಲ್‌ಮನ್ ಬ್ರದರ್ಸ್ ಬ್ಯಾಂಡ್’ ಎಂಬ ರಾಕ್ ತಂಡ ಕಟ್ಟಿದ್ದು ಈತನೇ.

ಹುಟ್ಟಿದ್ದು 1946ರ ನವೆಂಬರ್ 20, ನ್ಯಾಶ್‌ವಿಲ್‌ನಲ್ಲಿ. ಮೂರು ವರ್ಷದವನಿದ್ದಾಗಲೇ ಸೇನೆಯಲ್ಲಿದ್ದ ತಂದೆಯ ಕೊಲೆಯಾಯ್ತು. ಲಿಫ್ಟ್ ಕೇಳಿ ಕಾರು ಹತ್ತಿದವನೇ ಗುಂಡು ಹೊಡೆದಿದ್ದ. ತಾಯಿ ಜೆರಾಲ್ಡೀನ್ ಒಬ್ಬರೇ ಇಬ್ಬರು ಗಂಡುಮಕ್ಕಳನ್ನು ಸಾಕಿದರು.

ಗಿಟಾರ್ ಮೊದಲು ಕೊಂಡದ್ದು ತಮ್ಮ ಗ್ರೆಗ್, ಮನೆಮನೆಗೆ ಪೇಪರ್ ಹಾಕಿ ಕೂಡಿಟ್ಟ ದುಡ್ಡಲ್ಲಿ. ಅಣ್ಣನಿಗಿದ್ದದ್ದು ಮೋಟಾರ್‌ಸೈಕಲ್. ಅದನ್ನ ಜಖಂ ಮಾಡಿ, ಬಿಡಿಭಾಗ ಕೊಟ್ಟು ತಾನೂ ಒಂದು ಗಿಟಾರ್ ತಂದ. ಶಾಲೆ ಅರ್ಧಕ್ಕೇ ನಿಂತಿತು.

ಮುಂದೊಮ್ಮೆ ಕುದುರೆಯಿಂದ ಬಿದ್ದು ಮೊಣಕೈಗೆ ಪೆಟ್ಟು, ಮೇಲೆ ನೆಗಡಿ. ಹುಟ್ಟುಹಬ್ಬಕ್ಕೆಂದು ಗ್ರೆಗ್ ಒಂದು ಬ್ಲೂಸ್ ರೆಕಾರ್ಡ್ ಜೊತೆ ಕೊರಿಸಿಡಿನ್ ಮಾತ್ರೆ ಬಾಟಲಿ ತಂದುಕೊಟ್ಟ. ಡ್ವೇನ್ ಮಾತ್ರೆ ಸುರಿದು, ಲೇಬಲ್ ತೊಳೆದು, ಬಾಟಲಿಯನ್ನ ಉಂಗುರದ ಬೆರಳಿಗೆ ಹಾಕಿ ತಂತಿ ಮೇಲೆ ಜಾರಿಸಿದ. ಸ್ವರದಿಂದ ಸ್ವರಕ್ಕೆ ಕಡಿಯದೆ ಹರಿಯುವ ಈ ವಾದನಕ್ಕೆ ಸ್ಲೈಡ್ ಅಂತಾರೆ. ಹಳೇ ಬ್ಲೂಸ್ ಕಲಾವಿದರು ಬಾಟಲಿ ಕತ್ತು ಒಡೆದು ನುಡಿಸ್ತಿದ್ದರು, ಆದ್ರೆ ರಾಕ್ ಸಂಗೀತದಲ್ಲಿ ಗಿಟಾರ್ ಹೀಗೆ ಅತ್ತದ್ದು ಕಡಿಮೆ.

1968ರಲ್ಲಿ ಅಲಬಾಮಾದ ಮಸಲ್ ಶೋಲ್ಸ್‌ನ ಸ್ಟುಡಿಯೋದಲ್ಲಿ ಕೂಲಿಗೆ ನುಡಿಸ್ತಿದ್ದ. ಬೀಟಲ್ಸ್‌ನ ‘ಹೇ ಜೂಡ್’ ಹಾಡಲು ಗಾಯಕ ವಿಲ್ಸನ್ ಪಿಕೆಟ್‌ರನ್ನ ಒಪ್ಪಿಸಿದ್ದೇ ಈತ. ಆ ಹಾಡಿನ ಕೊನೆಯ ಗಿಟಾರ್ ಕೇಳಿ ಎರಿಕ್ ಕ್ಲಾಪ್ಟನ್ ಬೆರಗಾದರು. 1970ರಲ್ಲಿ ‘ಲೈಲಾ’ ಆಲ್ಬಂಗೆ ಡ್ವೇನ್‌ನನ್ನ ಜೊತೆ ಸೇರಿಸಿಕೊಂಡರು.

ಅಷ್ಟರಲ್ಲಿ, 1969ರಲ್ಲಿ, ಸ್ವಂತ ತಂಡ ಶುರುವಾಗಿತ್ತು. ಇಬ್ಬರು ಗಿಟಾರ್‌ನವರು, ಇಬ್ಬರು ಡ್ರಮ್‌ನವರು. ಡ್ರಮ್‌ನವರಲ್ಲಿ ಜೈಮೋ ಕಪ್ಪು ವರ್ಣೀಯ. ಕರಿಯರು-ಬಿಳಿಯರು ಒಟ್ಟಿಗೆ ಉಣ್ಣೋದನ್ನೂ ಸಹಿಸದ ಜನ ದಕ್ಷಿಣ ಅಮೆರಿಕನ್ ರಾಜ್ಯಗಳಲ್ಲಿ ಇನ್ನೂ ಇದ್ದ ಕಾಲ ಅದು. ಅಂಥಲ್ಲಿ, ಜಾರ್ಜಿಯಾದ ಮೇಕನ್ ಊರಲ್ಲಿ, ಇವರು ಒಂದೇ ಮನೇಲಿದ್ದರು. ನಮಗನ್ನಿಸೋದು, ಗಿಟಾರ್‌ಗಿಂತ ದೊಡ್ಡ ಧೈರ್ಯ ಇದು.

ಮೊದಲೆರಡು ಆಲ್ಬಂ ಅಷ್ಟಾಗಿ ಓಡಲಿಲ್ಲ. ಮಾದಕ ವಸ್ತುಗಳ ಚಟವೂ ತಂಡಕ್ಕೆ ಅಂಟಿತ್ತು. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟ್‌ನಲ್ಲಿ ಜನರೆದುರೇ ಧ್ವನಿಮುದ್ರಿಸಿದ ಆಲ್ಬಂ ಕೈ ಹಿಡಿಯಿತು. ಅದೇ ಅಕ್ಟೋಬರ್ 29ರಂದು ಮೇಕನ್‌ನಲ್ಲಿ ಡ್ವೇನ್‌ನ ಮೋಟಾರ್‌ಸೈಕಲ್ ಎದುರು ಕ್ರೇನ್ ಹೊತ್ತ ಲಾರಿ ಬಂತು. ತಪ್ಪಿಸಲು ಹೋಗಿ ಬಿದ್ದ, ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 24.

ಮರುವರ್ಷ ನವೆಂಬರ್‌ನಲ್ಲಿ ತಂಡದ ಬೇಸ್ ವಾದಕ ಬೆರ್ರಿ ಓಕ್ಲಿ ಅಲ್ಲೇ ಹತ್ತಿರದಲ್ಲಿ, ಅದೂ ಮೋಟಾರ್‌ಸೈಕಲ್ ಅಪಘಾತದಲ್ಲೇ ಹೋದ. ಅವನಿಗೂ 24. ಮೇಕನ್‌ನ ರೋಸ್ ಹಿಲ್ ಸ್ಮಶಾನದಲ್ಲಿ ಇಬ್ಬರ ಸಮಾಧಿ ಅಕ್ಕಪಕ್ಕ ಇವೆ. ಗ್ರೆಗ್ ಮತ್ತು ಉಳಿದವರು ತಂಡವನ್ನ ಮುಂದುವರಿಸಿದರು. ಸಂಗೀತದ ಅಂಗಡಿಗಳಲ್ಲಿ ಆ ಮಾತ್ರೆ ಬಾಟಲಿ ಆಕಾರದ ಗಾಜಿನ ಸ್ಲೈಡ್ ಈಗಲೂ ಮಾರಾಟಕ್ಕಿದೆ, ಒಳಗೆ ಮಾತ್ರೆ ಇರೋಲ್ಲ ಅಷ್ಟೇ.